ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಒಂಬತ್ತನೆಯ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠವನ್ನು ಹನ್ನೊಂದು ವರ್ಷ ಒಂದೇ ರೀತಿಯಲ್ಲಿ ಮಾಡಿದೆ. ಕಪ್ಪು ಹಲಗೆಯ ಮೇಲೆ ಅಣೆಕಟ್ಟು, ಅಲ್ಲಿಂದ ಟರ್ಬೈನಿಗೊಂದು ಬಾಣ, ಟರ್ಬೈನಿನಿಂದ ಬಲ್ಬಿಗೊಂದು ಬಾಣ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಫ್ಯಾನ್ ಇಷ್ಟು ಹೊತ್ತು ತಿರುಗಿತಲ್ಲ, ಆ ಶಕ್ತಿ ಈಗ ಎಲ್ಲಿದೆ?” ಗಾಳಿಯಲ್ಲಿ ಶಾಖವಾಗಿ ಸೇರಿಕೊಂಡಿದೆ ಎಂದೆ. “ಹಾಗಾದರೆ ಫ್ಯಾನ್ ಹಾಕಿದರೆ ಕೋಣೆ ಬಿಸಿಯಾಗಬೇಕಲ್ಲವೇ?” ಎಂದಳು. ಆಗುತ್ತದೆ, ಗಾಳಿಗೆ ಬೆವರು ಆರುವುದರಿಂದ ನಮಗೆ ತಂಪೆನಿಸುತ್ತದೆ ಅಷ್ಟೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಎಷ್ಟು ಬಿಸಿ ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಬಾಣಗಳಿದ್ದವು, ಅಳತೆ ಇರಲಿಲ್ಲ.

ಆ ವರ್ಷದಿಂದ ಪಾಠ ಬದಲಾಯಿತು. ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಎರಡು ಕಲಂ: ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಎರಡರಲ್ಲೂ ಜೂಲ್ ಲೆಕ್ಕದಲ್ಲಿ ಅಂಕಿ ಇರಲೇಬೇಕು.

ಇದಕ್ಕೆ ಮೊದಲು ಮಾತಿನ ಗೊಂದಲ ಬಿಡಿಸಬೇಕಾಯಿತು. ಮನೆಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಭೌತಶಾಸ್ತ್ರದಲ್ಲಿ ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವ್ಯಾಟ್. ವ್ಯಾಖ್ಯೆಗಿಂತ ವಿದ್ಯುತ್ ಬಿಲ್ಲು ಇಲ್ಲಿ ನೆರವಾಯಿತು. ಬಲ್ಬಿನ ಮೇಲೆ ಬರೆದಿರುವುದು ವ್ಯಾಟ್, ಅಂದರೆ ಶಕ್ತಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದು. ನಾವು ಹಣ ಕಟ್ಟುವುದು ಯೂನಿಟ್ಟಿಗೆ, ಅಂದರೆ ಒಟ್ಟು ಶಕ್ತಿಗೆ. ಒಂದು ಯೂನಿಟ್ 36 ಲಕ್ಷ ಜೂಲ್. ನಮ್ಮ ಶಾಲೆಯ ಮೆಟ್ಟಿಲು ನೆಲದಿಂದ ಮೇಲಿನ ಮಹಡಿಗೆ 9 ಮೀಟರ್. 45 ಕಿಲೋ ತೂಕದ ಹುಡುಗ ಒಮ್ಮೆ ಹತ್ತಿದರೆ ಅವನು ಗಳಿಸುವ ಪ್ರಚ್ಛನ್ನ ಶಕ್ತಿ ಸುಮಾರು 4,000 ಜೂಲ್. ಒಂದು ಯೂನಿಟ್ ಆಗಬೇಕಾದರೆ ಒಂಬೈನೂರು ಸಲ ಹತ್ತಬೇಕು. ಏದುಸಿರು ಬಿಡುತ್ತಾ ಹತ್ತಿ ಬಂದ ಮಕ್ಕಳಿಗೆ ಆ ಅಂಕಿಯನ್ನು ನಂಬಲಾಗಲಿಲ್ಲ. ಮತ್ತೊಮ್ಮೆ ಲೆಕ್ಕ ಹಾಕಿದರು.

ಮುಂದೆ ಮರಳಿನ ಪ್ರಯೋಗ. ಒಂದು ಮೀಟರ್ ಪಿವಿಸಿ ಪೈಪಿನಲ್ಲಿ ಒಂದು ಲೋಟ ಮರಳು ಹಾಕಿ ಎರಡೂ ಕಡೆ ಮುಚ್ಚಳ ಬಿಗಿದೆವು. ಪೈಪನ್ನು ನೂರು ಸಲ ತಲೆಕೆಳಗು ಮಾಡುವುದು; ಪ್ರತಿ ಸಲ ಮರಳು ಬಿದ್ದಾಗ ಅದರ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗಿ, ತಳಕ್ಕೆ ಬಡಿದು ಶಾಖವಾಗುತ್ತದೆ. ಲೆಕ್ಕದ ಪ್ರಕಾರ ಉಷ್ಣತೆ ಒಂದು ಡಿಗ್ರಿಯಷ್ಟು ಏರಬೇಕು. ಥರ್ಮಾಮೀಟರ್ ಮೂರು ಡಿಗ್ರಿ ಏರಿಕೆ ತೋರಿಸಿತು! ಮಕ್ಕಳಿಗೆ ಸಂಭ್ರಮ, ನನಗೆ ಕಳವಳ. ಬಂದದ್ದಕ್ಕಿಂತ ಹೋದದ್ದು ಹೆಚ್ಚಾಗಲು ಹೇಗೆ ಸಾಧ್ಯ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಹೊಳೆದದ್ದು ಒಬ್ಬ ಹುಡುಗನಿಗೆ: “ಮೇಡಂ, ನಾವು ಪೈಪನ್ನು ಮರಳಿರುವ ತುದಿಯಲ್ಲೇ ಹಿಡಿಯುತ್ತಿದ್ದೇವೆ, ಕೈ ಬೆಚ್ಚಗಿದೆ.” ಪೈಪಿನ ನಡುವೆ ದಪ್ಪ ಬಟ್ಟೆ ಸುತ್ತಿ ಅಲ್ಲೇ ಹಿಡಿದು ಮತ್ತೆ ಮಾಡಿದೆವು. 0.9 ಡಿಗ್ರಿ ಬಂತು. ಶಕ್ತಿ ಸಂರಕ್ಷಣಾ ನಿಯಮವನ್ನು ಅವರು ನಂಬಿದ್ದು ಆ ಮಧ್ಯಾಹ್ನ. ಲೆಕ್ಕ ಕೂಡದಿದ್ದರೆ ನಿಯಮ ತಪ್ಪಲ್ಲ, ಎಲ್ಲೋ ಒಂದು ಕೈ ನಮ್ಮ ಕಣ್ಣು ತಪ್ಪಿಸಿದೆ ಎಂದು ಹುಡುಕುವುದನ್ನು ಕಲಿತರು. ಜೋಗದಲ್ಲಿ 253 ಮೀಟರ್ ಬೀಳುವ ನೀರು ಎಷ್ಟು ಬಿಸಿಯಾಗಬಹುದು ಎಂದು ತಾವಾಗಿಯೇ ಲೆಕ್ಕ ಹಾಕಿ, ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಎಂದು ಹೇಳಿದರು. ನೀರನ್ನು ಬಿಸಿ ಮಾಡುವುದು ಎಷ್ಟು ದುಬಾರಿ ಎಂಬ ಸುಳಿವು ಅಲ್ಲೇ ಸಿಕ್ಕಿತ್ತು.

ಅದನ್ನು ಅಳೆಯಲು ಒಂದು ಶನಿವಾರ ಮಧ್ಯಾಹ್ನ ಶಾಲೆಯ ಎಲ್ಲ ದೀಪ, ಫ್ಯಾನುಗಳನ್ನು ಆರಿಸಿ, ಎಲೆಕ್ಟ್ರಿಕ್ ಕೆಟಲಿನಲ್ಲಿ ಒಂದು ಲೀಟರ್ ನೀರಿಟ್ಟೆವು. ನಮ್ಮ ಮೀಟರಿನ ಕೆಂಪು ದೀಪ ಒಂದು ಯೂನಿಟ್ಟಿಗೆ 3,200 ಸಲ ಮಿನುಗುತ್ತದೆ. ಆ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಇರುತ್ತದೆ. ಇಬ್ಬರು ಮಿನುಗು ಎಣಿಸಿದರು, ಇಬ್ಬರು ಉಷ್ಣತೆ ನೋಡಿದರು. ನೀರು 24 ಡಿಗ್ರಿಯಿಂದ 90ಕ್ಕೆ ಏರುವಷ್ಟರಲ್ಲಿ 287 ಮಿನುಗು. ಬಂದದ್ದು 3,23,000 ಜೂಲ್, ನೀರಿಗೆ ಸೇರಿದ್ದು 2,77,000. ಉಳಿದ 46,000ವನ್ನು ಸರಿದೂಗಿಸಲು ಒಂದು ಗುಂಪು ಉಷ್ಣತೆಯನ್ನೇ ತಿದ್ದಿ ಬರೆದಿತ್ತು. ಆ ಪುಟವನ್ನು ಹಿಂದಿರುಗಿಸಿ, ಕೆಟಲಿನ ಹೊರಮೈ ಹತ್ತಿರ ಕೈ ಒಡ್ಡಿ ನೋಡಿ ಎಂದೆ. ಲೋಹದ ಮೈ, ಆವಿ, ಸುತ್ತಲಿನ ಗಾಳಿ. ಕಲಂ ತುಂಬಿತು.

ಬೆಂಗಳೂರಿನ ಮಕ್ಕಳಿಗೆ ಕಾವೇರಿ ನೀರಿನ ಲೆಕ್ಕವನ್ನು ಹೇಳದೆ ಈ ಪಾಠ ಮುಗಿಯಬಾರದು ಎಂಬುದು ನನ್ನ ಹಟ. ನಲ್ಲಿಗೆ ಬರುವ ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತದ ಪಂಪಿಂಗ್ ಕಂಡು, ಒಟ್ಟು 500 ಮೀಟರಿನಷ್ಟು ಮೇಲೇರಿಸಲ್ಪಟ್ಟು ಬರುತ್ತದೆ. 15 ಲೀಟರಿನ ಬಕೆಟ್ಟಿಗೆ 73,500 ಜೂಲ್. ಅದೇ ಬಕೆಟ್ಟನ್ನು ಸ್ನಾನಕ್ಕೆ 20 ಡಿಗ್ರಿ ಬಿಸಿ ಮಾಡಲು 12,60,000 ಜೂಲ್, ಅಂದರೆ ಹದಿನೇಳು ಪಟ್ಟು! ಪಂಪುಗಳಲ್ಲಿ ಪೋಲಾಗುವುದಕ್ಕೆಂದು ಮೊದಲ ಅಂಕಿಯನ್ನು ಇಮ್ಮಡಿ ಮಾಡಿದರೂ ಎಂಟು ಪಟ್ಟು ದಾಟುತ್ತದೆ. ನೀರನ್ನು ಬೆಟ್ಟ ಹತ್ತಿಸುವುದಕ್ಕಿಂತ ಬಚ್ಚಲಿನಲ್ಲಿ ಕಾಯಿಸುವುದು ಹೆಚ್ಚು ಶಕ್ತಿ ತಿನ್ನುತ್ತದೆ ಎಂಬುದು ನನಗೂ ಹೊಸದಾಗಿತ್ತು. ಈ ಊರಿನ ತಾರಸಿಗಳ ಮೇಲಿನ ಸೋಲಾರ್ ಹೀಟರುಗಳನ್ನು ಅಂದಿನಿಂದ ಬೇರೆ ಕಣ್ಣಿನಲ್ಲಿ ನೋಡುತ್ತೇನೆ. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಎರಡು ಚದರ ಮೀಟರ್ ಫಲಕ ಅದರಲ್ಲಿ ಅರ್ಧವನ್ನು ಹಿಡಿದರೂ ಇಪ್ಪತ್ತೊಂದು ನಿಮಿಷಕ್ಕೆ ಒಂದು ಬಕೆಟ್ ಸಿದ್ಧ.

ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ, ಕೋಲಾರದ ಚಿನ್ನದ ಗಣಿಗೆ ಮೊದಲು ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ ಬಂತು ಎಂದು ಹೇಳಿದಾಗ ಒಬ್ಬ ಕೇಳಿದ: “ಬೀಳುವ ನೀರಿನ ಕರೆಂಟಿನಿಂದಲೇ ನೀರನ್ನು ಬೆಂಗಳೂರಿಗೆ ಎತ್ತಬಹುದಲ್ಲ?” ಎತ್ತಬಹುದು. ನೂರು ಮೀಟರ್ ಬೀಳುತ್ತದೆ ಎಂದುಕೊಂಡರೆ, ಒಂದು ಲೀಟರನ್ನು 500 ಮೀಟರ್ ಏರಿಸಲು ಕಡಿಮೆಯೆಂದರೂ ಐದು ಲೀಟರ್ ಬೀಳಬೇಕು.

ಕೆಂಗೇರಿಯಾಚೆಯಿಂದ ಬರುವ ಹುಡುಗಿಯೊಬ್ಬಳ ಮನೆಯಲ್ಲಿ ಇನ್ನೂ ಹಂಡೆ ಒಲೆ ಇದೆ. ಅವಳು ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಲೆಕ್ಕ ತಂದಳು. ಮೂರು ಕಿಲೋ ಒಣ ಸೌದೆ, ಕಿಲೋಗೆ ಸುಮಾರು 150 ಲಕ್ಷ ಜೂಲಿನಂತೆ 450 ಲಕ್ಷ. ಹಂಡೆಯ 40 ಲೀಟರ್ ನೀರು 28 ಡಿಗ್ರಿ ಏರಲು ಪಡೆದದ್ದು 47 ಲಕ್ಷ. ಹತ್ತರಲ್ಲಿ ಒಂದು ಪಾಲು! ‘ಎಲ್ಲಿಗೆ ಹೋಯಿತು’ ಕಲಂನಲ್ಲಿ ಅವಳು ಹೊಗೆ, ಒಲೆಯ ಕಲ್ಲು, ಗೋಡೆ, ಬೂದಿಯ ಕೆಂಡ ಎಂದು ಬರೆದು, ಕೊನೆಗೆ ‘ಅಜ್ಜಿಯ ಕೈ’ ಎಂದೂ ಸೇರಿಸಿದ್ದಳು; ಚಳಿಗಾಲದ ಬೆಳಿಗ್ಗೆ ಅಜ್ಜಿ ಅಲ್ಲೇ ಕುಳಿತು ಕೈ ಕಾಯಿಸಿಕೊಳ್ಳುತ್ತಾರಂತೆ. ಮುಂದಿನ ವಾರ ಮನೆಯವರು ಒಲೆಯ ಸುತ್ತಲಿನ ಸಂದಿಗಳನ್ನು ಮಣ್ಣಿನಿಂದ ಮೆತ್ತಿದರು. ಅವಳು ಮತ್ತೆ ತೂಗಿ ತಂದ ಅಂಕಿ: ಎರಡು ಕಿಲೋ ಇನ್ನೂರು ಗ್ರಾಂ.