ಲೆಕ್ಕದಲ್ಲಿ 40 ವ್ಯಾಟ್, ಡಬ್ಬಿಯಲ್ಲಿ 58

ಡಿಸಿ (ಒಂದೇ ದಿಕ್ಕಿನ ಕರೆಂಟ್) ಗ್ರಿಡ್‌ಗೆ ಟ್ರಾನ್ಸ್‌ಫಾರ್ಮರ್ ಯಾಕೆ ಅಂತ ಕೇಳುವವರು ಬಹಳ. ಡಿಸಿ ಅದನ್ನು ದಾಟುವುದಿಲ್ಲ, ನಿಜ. ಅದಕ್ಕೇ ಈ ಕಡೆ ಸ್ವಿಚ್‌ಗಳಿಂದ ಡಿಸಿಯನ್ನು ಕತ್ತರಿಸಿ ಚೌಕ ಅಲೆ ಮಾಡುತ್ತೇವೆ, ಆ ಕಡೆ ಮತ್ತೆ ಡಿಸಿ ಮಾಡಿಕೊಳ್ಳುತ್ತೇವೆ. ನಡುವಿನ ಟ್ರಾನ್ಸ್‌ಫಾರ್ಮರ್ ಸಾವಿರಾರು ಹರ್ಟ್ಸ್‌ನಲ್ಲಿ ಓಡುವುದರಿಂದ ಪುಟ್ಟದಾಗಿರುತ್ತದೆ. ಪುಟ್ಟದಾದ್ದರಿಂದಲೇ ಬಿಸಿ ಹೊರಗೆ ಹೋಗಲು ಜಾಗ ಕಮ್ಮಿ. ನಷ್ಟ ಎಷ್ಟು ಅಂತ ಮೊದಲೇ ಗೊತ್ತಿರಬೇಕು.

ನನ್ನದು 10 ಕಿಲೋವ್ಯಾಟ್‌ನದು. ಎರಡೂ ಕಡೆ 400 ವೋಲ್ಟ್, 20 ಕಿಲೋಹರ್ಟ್ಸ್, 20 ಸುತ್ತು, ಫೆರೈಟ್ ಕೋರ್ (ತಂತಿ ಸುತ್ತುವ ಕಾಂತೀಯ ತಿರುಳು), ಅದರ ಅಡ್ಡಕೊಯ್ತ 12.5 ಚದರ ಸೆಂ.ಮೀ. ವೋಲ್ಟೇಜ್‌ನಿಂದ ಕೋರ್‌ನ ಫ್ಲಕ್ಸ್ (ಕಾಂತ ಹರಿವು) ಲೆಕ್ಕ ಹಾಕುವ ಸೂತ್ರದಲ್ಲಿ, ಸೈನ್ ಅಲೆಯ 4.44 ಬದಲು ಚೌಕ ಅಲೆಗೆ 4 ಹಾಕಬೇಕು. ಫ್ಲಕ್ಸ್ ಸಾಂದ್ರತೆ ಸರಿಯಾಗಿ 0.2 ಟೆಸ್ಲಾ ಬಂತು.

ಕೋರ್ ನಷ್ಟಕ್ಕೆ (ಫ್ಲಕ್ಸ್ ಏರಿಳಿಯುವಾಗ ಕೋರ್‌ನಲ್ಲಿ ಬಿಸಿಯಾಗಿ ಹೋಗುವ ಪವರ್) 1892ರ ಸ್ಟೈನ್‌ಮೆಟ್ಜ್ ಸೂತ್ರವೇ ಇವತ್ತಿಗೂ ಆಧಾರ. ಆದರೆ ಕ್ಯಾಟಲಾಗ್ ಅಂಕಿಗಳು ಸೈನ್ ಅಲೆಗೆ ಕೊಟ್ಟವು. ಚೌಕ ಅಲೆ ಅಂದರೆ ನಷ್ಟ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ. ಫ್ಲಕ್ಸ್ ಏರಿಳಿಯುವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸುಧಾರಿತ ಸೂತ್ರ ಹಾಕಿದರೆ, ಗರಿಷ್ಠ ಫ್ಲಕ್ಸ್ ಅಷ್ಟೇ ಇದ್ದಾಗ, ಸುಮಾರು 5% ಕಮ್ಮಿಯೇ ಬಂತು! ಅಲೆಯ ನಡುವೆ ಸೊನ್ನೆ ವೋಲ್ಟ್‌ನ ಬಿಡುವು ಇದ್ದರೆ ಮಾತ್ರ ಕಥೆ ಬೇರೆ. ಆಗ ಫ್ಲಕ್ಸ್ ಕಡಿದಾಗಿ ಏರಬೇಕು, ನಷ್ಟವೂ ಏರುತ್ತದೆ. ನನ್ನದರಲ್ಲಿ ಬಿಡುವಿರಲಿಲ್ಲ. 22 ವ್ಯಾಟ್ ಬರೆದುಕೊಂಡೆ.

ತಾಮ್ರದ ನಷ್ಟ, ಅಂದರೆ ತಂತಿಯ ರೆಸಿಸ್ಟೆನ್ಸ್‌ನಿಂದ ಆಗುವುದು, 14 ವ್ಯಾಟ್ ಬಂದಿತ್ತು. ರೆಸಿಸ್ಟೆನ್ಸ್ ಅಳೆದದ್ದು ತಣ್ಣಗಿದ್ದಾಗ ಅಂತ ಆಮೇಲೆ ಹೊಳೆಯಿತು. 90 ಡಿಗ್ರಿಗೆ ತಿದ್ದಿದರೆ 18. ಒಟ್ಟು 40.

ಇನ್ನು ಅಳತೆ. ಒಳಗೆ ಹೋದ ಪವರ್‌ನಿಂದ ಹೊರಬಂದ ಪವರ್ ಕಳೆದರೆ ಆಯಿತಲ್ಲ ಅನ್ನಬಹುದು. ಆಗುವುದಿಲ್ಲ. 10 ಕಿಲೋವ್ಯಾಟ್‌ನಲ್ಲಿ ಮೀಟರ್ 0.3% ತಪ್ಪಿದರೂ 30 ವ್ಯಾಟ್ ಹೋಯಿತು. ಹಾಗಾಗಿ ಟ್ರಾನ್ಸ್‌ಫಾರ್ಮರನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಓಡಿಸಿದೆ. ಒಳಗಿನ ಬಿಸಿ ಏರುವುದು ನಿಲ್ಲುವ ತನಕ ಕಾದೆ, ಗಂಟೆಗಟ್ಟಲೆ. ಆಮೇಲೆ ಅದನ್ನು ನಿಲ್ಲಿಸಿ, ಅದೇ ಡಬ್ಬಿಯೊಳಗೆ ಒಂದು ರೆಸಿಸ್ಟರ್‌ಗೆ ಡಿಸಿ ಕೊಟ್ಟು ಅಷ್ಟೇ ಬಿಸಿ ಬರಿಸಿದೆ. ರೆಸಿಸ್ಟರ್ ತಿಂದದ್ದು 58 ವ್ಯಾಟ್.

18 ವ್ಯಾಟ್ ವ್ಯತ್ಯಾಸ! ಮೊದಲ ತಪ್ಪು ನನ್ನದೇ. ಡಿಸಿ ರೆಸಿಸ್ಟೆನ್ಸ್ ಹಿಡಿದುಕೊಂಡು ಕೂತಿದ್ದೆ. ಲಿಟ್ಜ್ ವೈರ್‌ನ (ಬೇರೆಬೇರೆಯಾಗಿ ಇನ್ಸುಲೇಟ್ ಮಾಡಿದ ಅನೇಕ ಎಳೆಗಳನ್ನು ಹೆಣೆದ ತಂತಿ) ಎಳೆ ಸಣ್ಣದಾದ್ದರಿಂದ ಚಿಂತೆಯಿಲ್ಲ ಅಂತ ಧೈರ್ಯ. ಆದರೆ ಪಕ್ಕದ ಪದರಗಳ ಕಾಂತಕ್ಷೇತ್ರ ಎಳೆಗಳೊಳಗೂ ಸುಳಿ ಕರೆಂಟ್ ಹುಟ್ಟಿಸುತ್ತದೆ. ಈ ನಷ್ಟ ಲೆಕ್ಕ ಹಾಕಲು ಡೋವೆಲ್ 1966ರಲ್ಲಿ ಕೊಟ್ಟ ವಿಧಾನದಲ್ಲಿ, ಚೌಕ ಅಲೆಯೊಳಗೆ ಅಡಗಿರುವ 60, 100 ಕಿಲೋಹರ್ಟ್ಸ್ ಹಾರ್ಮೋನಿಕ್‌ಗಳನ್ನೂ ಸೇರಿಸಿದಾಗ 18 ಇದ್ದದ್ದು 25 ಆಯಿತು.

ಇನ್ನೂ 11 ವ್ಯಾಟ್ ಬಾಕಿ. ಪ್ರತಿ ವೈಂಡಿಂಗ್‌ನಲ್ಲೂ ಎರಡು ಲಿಟ್ಜ್ ಕಟ್ಟುಗಳನ್ನು ಪ್ಯಾರಲಲ್ ಹಾಕಿದ್ದೆ, ಒಂದು ಒಳಗೆ, ಒಂದು ಹೊರಗೆ. ಕರೆಂಟ್ ಸಮವಾಗಿ ಹಂಚಿಹೋಗುತ್ತದೆ ಅಂತ ಸುಮ್ನೆ ನಂಬಿದ್ದೆ. ಪ್ರೋಬ್ ಹಾಕಿ ನೋಡಿದರೆ ಒಂದರಲ್ಲಿ 20 ಆಂಪಿಯರ್, ಇನ್ನೊಂದರಲ್ಲಿ 8! ವೈಂಡಿಂಗ್ ಪೂರ್ತಿ ಬಿಚ್ಚಿದೆ. 10 ಸುತ್ತಾದ ಮೇಲೆ ಒಳಗಿನ ಕಟ್ಟನ್ನು ಹೊರಗೆ, ಹೊರಗಿನದನ್ನು ಒಳಗೆ ತಂದು ಮತ್ತೆ ಸುತ್ತಿದೆ. ಡಬ್ಬಿ 52 ತೋರಿಸಿತು.

ಲೆಕ್ಕ ಈಗ 47. ಉಳಿದ 5 ವ್ಯಾಟ್‌ಗಾಗಿ ಥರ್ಮಲ್ ಕ್ಯಾಮೆರಾ ಹಿಡಿದೆ. ಟರ್ಮಿನಲ್ ಹತ್ತಿರ, ಎಳೆಗಳನ್ನೆಲ್ಲ ಸೇರಿಸಿ ಬೆಸುಗೆ ಹಾಕಿದ್ದ ಒಂದಿಂಚು ಜಾಗ ಉಳಿದೆಲ್ಲಕ್ಕಿಂತ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿ ಲಿಟ್ಜ್ ವೈರ್ ಲಿಟ್ಜ್ ಆಗಿ ಉಳಿದಿರಲಿಲ್ಲ, ಗಟ್ಟಿ ಲೋಹದ ಮುದ್ದೆಯಾಗಿತ್ತು. ಈಗ ಆ ಬೆಸುಗೆಯನ್ನು ಬೆರಳಗಲಕ್ಕಿಂತ ಜಾಸ್ತಿ ಬಿಡುವುದಿಲ್ಲ.