ಬಾಡಿಗೆ ಮನೆಗೆ ಹೋದ ದಿನವೇ ವಾಲ್ವ್ ಎಲ್ಲಿದೆ ಅಂತ ಕೇಳಿ

ಬೆಂಗಳೂರಲ್ಲಿ ಬಾಡಿಗೆ ಮನೆ ನೋಡಲು ಬಂದವರು ಕಾವೇರಿ ನೀರು ಬರುತ್ತಾ, ಬೋರ್ ಇದೆಯಾ ಅಂತ ತಪ್ಪದೆ ಕೇಳುತ್ತಾರೆ. ಪೈಪ್ ಒಡೆದರೆ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಕೇಳುವವರು ಬಹಳ ಕಡಿಮೆ. ಮೊದಲು ಅದನ್ನೇ ಕೇಳಿ ಮಕ್ಕಳೇ.

ತಾರಸಿಯಲ್ಲಿ ಟ್ಯಾಂಕಿನಿಂದ ಇಳಿಯುವ ಪೈಪುಗಳಿಗೆ ಸಾಮಾನ್ಯವಾಗಿ ವಾಲ್ವ್ ಇರುತ್ತದೆ, ಆದರೆ ಯಾವುದು ಯಾವ ಮನೆಯದು ಅಂತ ಎಷ್ಟೋ ಕಡೆ ಓನರ್‌ಗೇ ಗೊತ್ತಿರುವುದಿಲ್ಲ. ಅವರ ಜೊತೆ ಮೇಲೆ ಹತ್ತಿ ಒಂದೊಂದೇ ಮುಚ್ಚಿ, ಕೆಳಗೆ ಯಾರಿಗಾದರೂ ನಲ್ಲಿ ನಿಂತಿತಾ ಅಂತ ನೋಡಲು ಹೇಳಿ, ಪೇಂಟಿನಲ್ಲಿ ಮನೆ ನಂಬರ್ ಬರೆದುಬಿಡಿ. ಅಡುಗೆಮನೆಗೆ ಒಂದು, ಬಾತ್‌ರೂಮಿಗೆ ಇನ್ನೊಂದು ಪೈಪ್ ಇರುವ ಮನೆಗಳೂ ಇವೆ, ಅದನ್ನೂ ನೋಡಿಕೊಳ್ಳಿ. ತಾರಸಿ ಬಾಗಿಲಿನ ಒಂದು ಕೀ ನಿಮ್ಮ ಹತ್ತಿರವೂ ಇರಲೇಬೇಕು. ಎರಡು ಮೂರು ತಿಂಗಳಿಗೊಮ್ಮೆ ವಾಲ್ವ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸುಮ್ನೆ ಬಿಟ್ಟರೆ ಬೋರ್ ನೀರಿನ ಬಿಳಿ ಪೊರೆ ಕಟ್ಟಿ ಹಿಡಿದುಕೊಳ್ಳುತ್ತದೆ, ಅವಸರದಲ್ಲಿ ಜೋರು ಮಾಡಿದರೆ ಹಿಡಿಕೆಯೇ ಕೈಗೆ ಬರುತ್ತದೆ.

ಒಡೆದ ಪೈಪಿನಿಂದ ನಿಮಿಷಕ್ಕೆ 15 ಲೀಟರ್ ಹೋದರೂ ಸಾವಿರ ಲೀಟರ್ ಟ್ಯಾಂಕ್ ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿ. ಮೋಟಾರ್ ಆಟೋಮ್ಯಾಟಿಕ್ ಆಗಿದ್ದರೆ ಸಂಪಿನ ನೀರೂ ಮೇಲೇರಿ ಅದೇ ದಾರಿ ಹಿಡಿಯುತ್ತದೆ, ಹಾಗಾಗಿ ವಾಲ್ವ್ ಮುಚ್ಚಿದ ಕೂಡಲೇ ಮೋಟಾರ್ ಸ್ವಿಚ್ ಕೂಡ ಆಫ್ ಮಾಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಆ ನೀರಿನ ಬೆಲೆ ಗೊತ್ತು, ಅಲ್ವಾ?

ಗೋಡೆಯೊಳಗಿನ ಪೈಪಿಗಿಂತ ನನಗೆ ಜಾಸ್ತಿ ಭಯ ಕನೆಕ್ಷನ್ ಪೈಪಿನದು. ವಾಶ್‌ಬೇಸಿನ್ ಕೆಳಗೆ, ಗೀಸರ್ ಹತ್ತಿರ, ಕಮೋಡ್ ಹಿಂದೆ ಇರುತ್ತದಲ್ಲ, ಅದು. ಮೇಲಿನ ಸ್ಟೀಲ್ ಹೆಣಿಗೆಯಲ್ಲಿ ತುಕ್ಕು ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ತೊಟ್ಟಿಕ್ಕುವವರೆಗೂ ಕಾಯದೆ ಬದಲಿಸಿ. ದುಡ್ಡು ಯಾರು ಕೊಡಬೇಕು ಅಂತ ಆಮೇಲೆ ಮಾತಾಡಿ. ಫೋಟೋ ತೆಗೆದು ಓನರ್‌ಗೆ ಕಳಿಸಿ, ಬಿಲ್ ಇಟ್ಟುಕೊಳ್ಳಿ, ಅಡ್ವಾನ್ಸ್ ವಾಪಸ್ ಪಡೆಯುವಾಗ ತಕರಾರು ಇರುವುದಿಲ್ಲ.

ಓನರ್‌ಗಳಿಗೂ ಒಂದು ಮಾತು. ತಾರಸಿಯ ಪಿವಿಸಿ ಪೈಪು ವರ್ಷಗಟ್ಟಲೆ ಬಿಸಿಲು ತಿಂದು ಪೆಡಸಾಗುತ್ತದೆ, ಮೇಲೆ ಪೇಂಟ್ ಹೊಡೆಸಿ. ಸೋಲಾರ್ ಬಿಸಿನೀರಿಗೆ ಮಾಮೂಲಿ ಪಿವಿಸಿ ಬೇಡವೇ ಬೇಡ, ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ.

ಇನ್ನು ದಸರಾಕ್ಕೋ ಬೇಸಿಗೆ ರಜಕ್ಕೋ ಊರಿಗೆ ಹೊರಟಾಗ ಗ್ಯಾಸ್ ಆಫ್ ಮಾಡಿದ ಹಾಗೆ ನಿಮ್ಮ ಮನೆಯ ವಾಲ್ವೂ ಮುಚ್ಚಿ, ಗೀಸರ್ ಸ್ವಿಚ್ ಆಫ್ ಮಾಡಿ, ಪಕ್ಕದ ಮನೆಯವರಿಗೆ ನಿಮ್ಮ ಪ್ಲಂಬರ್ ನಂಬರ್ ಕೊಟ್ಟು ಹೋಗಿ.