ನಿರಪೇಕ್ಷ ಶೂನ್ಯಕ್ಕಿಂತ ತಣ್ಣಗಾದ ಉಕ್ಕು

ಮೂರನೇ ಹೆಜ್ಜೆಗೇ ನನ್ನ ಕಂಪ್ಯೂಟರ್ ಲೆಕ್ಕದ ಉಕ್ಕಿನ ಸರಳಿನಲ್ಲಿ ಒಂದು ಬಿಂದುವಿನ ತಾಪಮಾನ ಮೈನಸ್ 1360 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಯಾವ ವಸ್ತುವೂ ಅದಕ್ಕಿಂತ ತಣ್ಣಗಾಗಲಾರದ ನಿರಪೇಕ್ಷ ಶೂನ್ಯ ಇರುವುದೇ ಮೈನಸ್ 273.15ರಲ್ಲಿ. ಅಲ್ಲಿಂದ ಐದೇ ಮಿಲಿಮೀಟರ್ ಆಚೆ, ಪಕ್ಕದ ಬಿಂದು 1542 ಡಿಗ್ರಿ ತೋರಿಸುತ್ತಿತ್ತು. ತುದಿಗೆ ನಾನು ಕೊಟ್ಟಿದ್ದ ತಾಪಮಾನ 100 ಡಿಗ್ರಿ ಮಾತ್ರ.

ಸರಳು ಒಂದು ಮೀಟರ್ ಉದ್ದ, ಆರಂಭದಲ್ಲಿ ಎಲ್ಲೆಡೆ 20 ಡಿಗ್ರಿ. ಒಂದು ತುದಿಯನ್ನು 100ರಲ್ಲಿ ಹಿಡಿದಿಟ್ಟರೆ ಶಾಖ ಒಳಕ್ಕೆ ಹೇಗೆ ಸಾಗುತ್ತದೆ ಎಂಬುದು ಪ್ರಶ್ನೆ. ಸರಳನ್ನು ಸೆಂಟಿಮೀಟರಿಗೊಂದು ಬಿಂದುವಿನಂತೆ ಭಾಗಿಸಿ, ನಾಲ್ಕು ನಾಲ್ಕು ಸೆಕೆಂಡಿನ ಹೆಜ್ಜೆಯಲ್ಲಿ ಲೆಕ್ಕ ಹಾಕಿದ್ದೆ. ನಯವಾದ ರೇಖೆ ಬಂದಿತ್ತು. ಇನ್ನಷ್ಟು ನಿಖರವಾಗಲಿ ಎಂದು ಬಿಂದುಗಳ ಅಂತರವನ್ನು ಅರ್ಧಕ್ಕೆ ಇಳಿಸಿದೆ. ಬದಲಾಯಿಸಿದ್ದು ಅದೊಂದನ್ನೇ.

ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಇರಲಿಲ್ಲ. ಕೊನೆಗೆ ಕಾಗದ ತೆಗೆದುಕೊಂಡು ಮೊದಲ ಹೆಜ್ಜೆಯನ್ನು ಕೈಯಲ್ಲೇ ಮಾಡಿದೆ. ಎಲ್ಲವೂ ನಿಂತಿದ್ದು ಒಂದು ಅನುಪಾತದ ಮೇಲೆ: ಲೋಹದ ಉಷ್ಣ ವಿಸರಣಾಂಕವನ್ನು (ತಾಪಮಾನದ ಏರುಪೇರು ಅದರಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಕಾಲದ ಹೆಜ್ಜೆಯಿಂದ ಗುಣಿಸಿ, ಬಿಂದುಗಳ ನಡುವಿನ ಅಂತರದ ವರ್ಗದಿಂದ ಭಾಗಿಸಬೇಕು. ಉಕ್ಕಿಗೆ ನಾನು ಹಿಡಿದದ್ದು ಸೆಕೆಂಡಿಗೆ 12 ಚದರ ಮಿಲಿಮೀಟರ್. ಅಂತರ 10 ಮಿಲಿಮೀಟರ್ ಇದ್ದಾಗ ಅನುಪಾತ 0.48, 5 ಮಿಲಿಮೀಟರ್ ಆದಾಗ 1.92.

ಬಿಂದುವಿನ ಹೊಸ ತಾಪಮಾನಕ್ಕೆ ಎಡಬಲದ ನೆರೆಯವು ತಲಾ ಒಂದು ಅನುಪಾತದಷ್ಟು ಪಾಲು ಕೊಡುತ್ತವೆ. ಬಿಂದುವಿನ ಸ್ವಂತ ಹಳೆಯ ತಾಪಮಾನದ ಪಾಲು, ಒಂದರಿಂದ ಆ ಎರಡು ಪಾಲನ್ನು ಕಳೆದು ಉಳಿದದ್ದು. ಅನುಪಾತ ಅರ್ಧ ದಾಟದಿದ್ದರೆ ಮೂರೂ ಪಾಲುಗಳು ಋಣವಲ್ಲದವು. ಆಗ ಹೊಸ ಬೆಲೆ ಬರೀ ಸರಾಸರಿ, ಹಳೆಯ ಬೆಲೆಗಳ ನಡುವೆಯೇ ಬೀಳಬೇಕು. ನನ್ನ ಲೆಕ್ಕದಲ್ಲಿ ಸ್ವಂತ ಪಾಲು ಮೈನಸ್ 2.84 ಆಗಿತ್ತು. ತುದಿಯ ಪಕ್ಕದ ಬಿಂದುವಿಗೆ ನೆರೆಯವುಗಳ ಮೊತ್ತ 100 ಮತ್ತು 20 ಸೇರಿ 120; ಅದನ್ನು 1.92ರಿಂದ ಗುಣಿಸಿ, 20ರ 2.84 ಪಟ್ಟನ್ನು ಕಳೆದರೆ 173.6. ಮೊದಲ ಹೆಜ್ಜೆಯಲ್ಲೇ ಒಳಗಿನ ಬಿಂದು, ಅದನ್ನು ಕಾಯಿಸುತ್ತಿದ್ದ ತುದಿಗಿಂತ ಬಿಸಿ! ಎರಡನೇ ಹೆಜ್ಜೆಗೆ ಅದೇ ಬಿಂದು ಮೈನಸ್ 262.6. ಅಕ್ಕಪಕ್ಕದ ಬಿಂದುಗಳ ನಡುವೆ ಏಳುವ ಅತಿ ಚಿಕ್ಕ ಅಲೆ ಪ್ರತಿ ಹೆಜ್ಜೆಗೂ ಚಿಹ್ನೆ ಬದಲಿಸುತ್ತಾ ಸುಮಾರು 6.7 ಪಟ್ಟು ಬೆಳೆಯುತ್ತಿತ್ತು.

ನಿಜವಾದ ಸರಳು ಇದಕ್ಕೆ ತದ್ವಿರುದ್ಧ. ಶಾಖದ ಏರುಪೇರು ಎಷ್ಟು ಚಿಕ್ಕದೋ ಅಷ್ಟು ಬೇಗ ಅದು ಲೋಹದಲ್ಲಿ ಕರಗಿಹೋಗುತ್ತದೆ. ವಸ್ತು ಸ್ಥಿರ, ಸಮೀಕರಣವೂ ಸ್ಥಿರ, ಅಸ್ಥಿರವಾಗಿದ್ದದ್ದು ನಾನು ಲೆಕ್ಕ ಹಾಕಿದ ದಾರಿ. ಇದು ಹೊಳೆದ ಕ್ಷಣ ನನಗೆ ಇಂದಿಗೂ ನೆನಪಿದೆ. ಹೆಜ್ಜೆಯ ಗಾತ್ರ ಮತ್ತು ಬಿಂದುಗಳ ಅಂತರದ ನಡುವೆ ಇಂಥ ಕಟ್ಟುಪಾಡು ಇದೆ ಎಂದು ಗಣಿತಜ್ಞರಾದ ಕೂರಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ 1928ರಲ್ಲೇ ತೋರಿಸಿದ್ದರು, ಎಲೆಕ್ಟ್ರಾನಿಕ್ ಕಂಪ್ಯೂಟರ್ ಹುಟ್ಟುವುದಕ್ಕೂ ಮೊದಲು.

ಕಾಲದ ಹೆಜ್ಜೆಯನ್ನು ಒಂದು ಸೆಕೆಂಡಿಗೆ ಇಳಿಸಿದೆ. ಅನುಪಾತ ಮತ್ತೆ 0.48, ಆ ಬಿಂದು ಮೊದಲ ಹೆಜ್ಜೆಗೆ 58.4 ಡಿಗ್ರಿ ತೋರಿಸಿತು. ಆದರೆ ಬಿಂದುಗಳು ಇಮ್ಮಡಿ, ಹೆಜ್ಜೆಗಳು ನಾಲ್ಮಡಿ, ಒಟ್ಟು ಕೆಲಸ ಎಂಟು ಪಟ್ಟು. ಲೆಕ್ಕ ಸರಿಹೋಗುವವರೆಗೆ ಹೆಜ್ಜೆಯನ್ನು ಸುಮ್ಮನೆ ಕುಗ್ಗಿಸುತ್ತಾ ಹೋಗುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಮಿತಿ ಎಲ್ಲಿದೆ ಎಂದು ತಿಳಿಯದಿದ್ದರೆ, ನಾಳೆ ಉಕ್ಕಿನ ಬದಲು ತಾಮ್ರ ಬಂದಾಗ ಅದೇ ಲೆಕ್ಕ ಮತ್ತೆ ಸಿಡಿಯುತ್ತದೆ. ತಾಮ್ರದ ವಿಸರಣಾಂಕ ಉಕ್ಕಿನದಕ್ಕಿಂತ ಹಲವು ಪಟ್ಟು ಹೆಚ್ಚು.

ಆಮೇಲೆ 1947ರಲ್ಲಿ ಕ್ರ್ಯಾಂಕ್ ಮತ್ತು ನಿಕೋಲ್ಸನ್ ಕೊಟ್ಟ ವಿಧಾನಕ್ಕೆ ಬಂದೆ. ಅದು ಹಳೆಯ ಮತ್ತು ಹೊಸ ಕಾಲಗಳ ಸರಾಸರಿಯನ್ನು ಬಳಸುತ್ತದೆ; ಪ್ರತಿ ಹೆಜ್ಜೆಗೂ ಎಲ್ಲ ಬಿಂದುಗಳ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು, ಆದರೆ ಹೆಜ್ಜೆ ಎಷ್ಟೇ ದೊಡ್ಡದಾದರೂ ದೋಷ ಬೆಳೆಯುವುದಿಲ್ಲ. ಧೈರ್ಯದಿಂದ 60 ಸೆಕೆಂಡಿನ ಹೆಜ್ಜೆ ಇಟ್ಟೆ. ಲೆಕ್ಕ ಸಿಡಿಯಲಿಲ್ಲ, ಆದರೂ ಬಿಸಿ ತುದಿಯ ಬಳಿ ಗರಗಸದ ಹಲ್ಲಿನಂಥ ಏರಿಳಿತ ಹೆಜ್ಜೆ ಹೆಜ್ಜೆಗೂ ಉಳಿದುಕೊಂಡಿತು. ಆ ಚಿಕ್ಕ ಅಲೆ ಪ್ರತಿ ಸಲ ಕುಗ್ಗುತ್ತಿದ್ದದ್ದು 0.97ರಷ್ಟಕ್ಕೆ ಮಾತ್ರ. ಬೆಳೆಯದಿದ್ದರೆ ಸ್ಥಿರ ಎನ್ನಬಹುದು. ಉತ್ತರ ಸರಿ ಎನ್ನಲಾಗದು.

ಹೊಸ ಕಾಲದ ಬೆಲೆಗಳನ್ನಷ್ಟೇ ನೆಚ್ಚುವ ಹಿಮ್ಮುಖ ಆಯ್ಲರ್ ವಿಧಾನ ಅಂಥ ಅಲೆಯನ್ನು ಬಲವಾಗಿ ಅದುಮುತ್ತದೆ, ಆದರೆ ಕಾಲದ ನಿಖರತೆಯಲ್ಲಿ ಹಿಂದೆ. ಹಾಗಾಗಿ ಮೊದಲ ನಾಲ್ಕು ಹೆಜ್ಜೆಗಳನ್ನು ಮಾತ್ರ 30 ಸೆಕೆಂಡಿನಂತೆ ಅದರಲ್ಲಿ ಇಟ್ಟೆ. ಒಂದೊಂದು ಹೆಜ್ಜೆಗೂ ಆ ಅಲೆ ಐವತ್ತನೇ ಒಂದು ಪಾಲಿಗಿಂತ ಕಡಿಮೆಯಾಯಿತು. ಐದನೆಯದರಿಂದ ಕ್ರ್ಯಾಂಕ್–ನಿಕೋಲ್ಸನ್‌ಗೆ ಮರಳಿದಾಗ ಗರಗಸದ ಹಲ್ಲುಗಳು ಕಾಣಲಿಲ್ಲ; ತುದಿಯ 100ರಿಂದ ಒಳಗಿನ 20ರವರೆಗೆ ರೇಖೆ ಒಂದೇ ಸಮನೆ ಇಳಿದಿತ್ತು.